ನೀರಿನ ದಂಡೆಗೆ ಹೆಂಗಸರಿಗೇನು ಕೆಲಸ?

ನಮ್ಮ ಸೇಡಂ, ಚಿತ್ತಾಪುರದ ಕಡೆ ಈ ಪ್ರಶ್ನೆಗೆ ಉತ್ತರ ಸಿದ್ಧವಿದೆ: ಬಟ್ಟೆ ಒಗೆಯುವುದು, ಕೊಡ ತುಂಬುವುದು, ಹಬ್ಬಕ್ಕೆ ಗಂಗೆಪೂಜೆ ಮಾಡುವುದು. ಸುಮ್ಮನೆ ಕೂಡುವುದು ಮಾತ್ರ ಲೆಕ್ಕದಲ್ಲಿಲ್ಲ. "ಟೀಚರ್ರ, ಮನ್ಯಾಗ ಫ್ಯಾನ್ ಇಲ್ಲೇನ್ರಿ? ಹೊಳಿ ದಂಡ್ಯಾಗ ಯಾಕ ಕುಂದ್ರಬೇಕು?" ಎಂದು ನನ್ನನ್ನೇ ಕೇಳಿದ ಹಿರಿಯರಿದ್ದಾರೆ.

ಹಾಗಾದರೆ ದೊರೆಗಳು ಯಾಕೆ ಕುಳಿತರು? ಸಿಂದಗಿ ದಾಟಿ ವಿಜಯಪುರಕ್ಕೆ ಹೋಗುವ ದಾರಿಯಲ್ಲಿ ಕುಮಟಗಿ ಸಿಗುತ್ತದೆ. ಆದಿಲಶಾಹಿಗಳು ಬೇಸಿಗೆ ಕಳೆಯುತ್ತಿದ್ದ ಜಾಗ. ಹೊಂಡದ ನಡುವೆ ಎರಡಂತಸ್ತಿನ ಮಂಟಪ. ಕೆರೆಯ ನೀರನ್ನು ಗೋಪುರಗಳಿಗೆ ಏರಿಸಿ ಕೊಳವೆಯಲ್ಲಿ ಇಳಿಬಿಟ್ಟರೆ, ಅದು ತನ್ನ ಒತ್ತಡದಿಂದಲೇ ಮಂಟಪದೊಳಗೆ ತುಂತುರಾಗಿ ಉದುರುತ್ತಿತ್ತು. ಕರೆಂಟಿಲ್ಲ, ಮೋಟಾರಿಲ್ಲ! ಅಲ್ಲಿನ ಗೋಡೆಗಳ ಮೇಲೆ ಕುದುರೆಯೇರಿ ಚೆಂಡಾಡುವವರ, ಕುಸ್ತಿ ಹಿಡಿಯುವವರ ಚಿತ್ರಗಳಿವೆ. ಚರಿತ್ರೆ ಪಾಠದಲ್ಲಿ ಇದನ್ನು 'ಕಲಾಭಿರುಚಿ' ಎಂದು ಹೇಳಿಕೊಡುತ್ತೇವೆ. ಅದೇ ತಂಪು ನಾವು ಬಯಸಿದರೆ ಮನೆಗೆಲಸ ಬಿಟ್ಟವಳ ಚಾಳಿ.

ಜಪಾನಿನ ಹೆಯಾನ್ ಕಾಲದ (794-1185) ಶ್ರೀಮಂತರೂ ಹೀಗೆಯೇ. ದೊಡ್ಡಮನೆಯ ಪಕ್ಕದಿಂದ ಕೊಳದವರೆಗೆ ಕಂಬಸಾಲಿನ ಓಣಿ, ಅದರ ತುದಿಗೆ ನೀರಿನ ಮೇಲೆ ನಾಲ್ಕೂ ಕಡೆ ಬಯಲಾದ ಒಂದು ಮಂಟಪ. ಹೆಸರು ತ್ಸುರಿದೊನೊ, ಅಂದರೆ ಗಾಳ ಹಾಕುವ ಮನೆ. ಮೀನಿಗಿಂತ ಅಲ್ಲಿ ಗಾಳಿ, ಹಾಡು, ಬೆಳದಿಂಗಳೇ ಮುಖ್ಯ. ಸಾವಿರ ವರ್ಷದ ಹಿಂದೆ ಮುರಾಸಾಕಿ ಶಿಕಿಬು ಎಂಬಾಕೆ ಬರೆದ 'ಗೆಂಜಿಯ ಕಥೆ'ಯಲ್ಲಿ ಒಂದು ಅಧ್ಯಾಯ ಶುರುವಾಗುವುದೇ ಸೆಕೆಯ ದಿನ ನಾಯಕ ಇಂಥ ಮಂಟಪದಲ್ಲಿ ತಂಪಿಗೆ ಕುಳಿತಿರುವಲ್ಲಿಂದ. ಸುತ್ತ ಗಂಡಸರ ಗುಂಪು. ಬರೆದವಳು ಹೆಣ್ಣು, ಕುಳಿತವರು ಅವರು! ಆ ಮನೆತನಗಳ ಹೆಂಗಸರು ಬಿದಿರಿನ ಪರದೆಯ ಹಿಂದಿರುತ್ತಿದ್ದರು.

ನಮಗೆ ಪರದೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆಯ ಬುಡದಲ್ಲೇ ಕಾಗಿಣಾ ಹರಿಯುತ್ತಾಳೆ. ಚಿಂಚೋಳಿಯ ಕಾಡಿನಲ್ಲಿ ಚಂದ್ರಂಪಳ್ಳಿ ಜಲಾಶಯವಿದೆ. ವಾಡಿ, ಶಹಾಬಾದಿನ ಹಳೆಯ ಕಲ್ಲುಗಣಿಗಳ ತುಂಬ ಮಳೆನೀರು. ನೀರಿಗೇನೂ ಕೊರತೆಯಿಲ್ಲ, ಕೂಡುವ ಜಾಗಕ್ಕೆ ಕೊರತೆ. ಊರೂರಿನ ಮನೆಗಳಿಗೆ ಹಾಸುಗಲ್ಲು ಕೊಟ್ಟ ಶಹಾಬಾದಿನ ಸೀಮೆಯಲ್ಲಿ ಹೆಂಗಸರು ಕೂಡಲು ನಾಲ್ಕು ಚಪ್ಪಡಿ ಹುಟ್ಟಲಿಲ್ಲವೆ? ಕೆರೆ ಅಭಿವೃದ್ಧಿ ಎಂದರೆ ಬಣ್ಣದ ಕಾರಂಜಿ, ಕೆಳಗೊಂದು ಹೆಸರಿನ ಫಲಕ. ಸಂಜೆ ಆರಕ್ಕೆ ಅಲ್ಲಿನ ಬೆಂಚುಗಳೆಲ್ಲ ಬೀಡಿ, ಇಸ್ಪೀಟಿನವರ ಪಾಲು.

ಕಾರಂಜಿ ಬೇಡ. ನಾಲ್ಕು ಕಂಬ, ಮೇಲೊಂದು ಚಾವಣಿ, ಕೆಳಗೆ ಶಹಾಬಾದ್ ಕಲ್ಲು, ನೀರಿನ ಕಡೆಗೆ ಗಟ್ಟಿ ಕಟಾಂಜನ. ರಾತ್ರಿ ಎಂಟರವರೆಗೆ ದೀಪ. ಹತ್ತಿರದಲ್ಲಿ ಬಾಗಿಲು ಹಾಕಿಕೊಳ್ಳಲು ಬರುವಂಥ ಒಂದು ಶೌಚಾಲಯ. ರಸ್ತೆಯಿಂದ ಕಟ್ಟೆ ಕಾಣುತ್ತಿರಬೇಕು. ಗಾಳ ಹಾಕುವವರು ಬೇಕಾದರೆ ಆಚೆ ದಂಡೆಗೆ ಹಾಕಿಕೊಳ್ಳಲಿ.