ಅನುಕಂಪೆ ಅನುಮೋದನೆಯಲ್ಲ



ಕಸಾಯಿಖಾನೆಯಲ್ಲಿ ಪ್ರಾಣಿಯ ಎಚ್ಚರ ತಪ್ಪಿಸಿದ ಮೇಲೆಯೇ ಕೊಯ್ಯಬೇಕೆಂದು ಜೈನರಾದ ನಾವು ಕೇಳಬಹುದೇ? ಕೇಳಿದರೆ ಕೊಲೆಗೆ ಒಪ್ಪಿಗೆ ಕೊಟ್ಟಂತಾಗದೇ? ಶ್ರಾವಕರಿಗೆ ಈ ಅಳುಕು ಸಹಜ.

ಎಮ್ಮೆಯ ಹಣೆಗೆ ವಿಶೇಷ ಪಿಸ್ತೂಲಿನ ಪೆಟ್ಟು ಕೊಡುತ್ತಾರೆ. ಆಡು-ಕುರಿಯ ತಲೆಗೆ ವಿದ್ಯುತ್ ಹಾಯಿಸುತ್ತಾರೆ. ಸರಿಯಾಗಿ ಮಾಡಿದರೆ ಕ್ಷಣದಲ್ಲಿ ಎಚ್ಚರ ತಪ್ಪಿ, ಚೂರಿಯ ನೋವು ತಿಳಿಯುವುದಿಲ್ಲ.

ಕೇಂದ್ರ ಸರ್ಕಾರದ 2001ರ ಕಸಾಯಿಖಾನೆ ನಿಯಮಗಳ ಪ್ರಕಾರ ಗಬ್ಬದ ಪ್ರಾಣಿಯನ್ನು ಕೊಯ್ಯುವಂತಿಲ್ಲ. ಒಂದರ ಕಣ್ಣೆದುರು ಇನ್ನೊಂದನ್ನು ಕೊಯ್ಯುವಂತಿಲ್ಲ. ಒಬ್ಬ ಪಶುವೈದ್ಯ ತಾಸಿಗೆ 12ಕ್ಕಿಂತ ಹೆಚ್ಚು ಪ್ರಾಣಿಗಳನ್ನು ತಪಾಸಿಸಬಾರದು. ಎಚ್ಚರ ತಪ್ಪಿಸಲು ಬೇರೆ ಜಾಗವನ್ನು ‘ಆದಷ್ಟು ಬೇಗ’ ಮಾಡಬೇಕು ಎಂದಿದೆ. ತಾರೀಖಿಲ್ಲದ ಹುಂಡಿ ಹೇಗೆ ವಸೂಲಾಗುತ್ತದೆಂದು ನಮ್ಮಂಥ ವ್ಯಾಪಾರಿಗಳಿಗೆ ಹೇಳಬೇಕಿಲ್ಲ. ಆದ್ದರಿಂದ ಕೇಳುವವರು ಬೇಕು.

ಕೃತ, ಕಾರಿತ, ಅನುಮೋದನೆ ಮೂರರಿಂದಲೂ ಪಾಪ ಅಂಟುತ್ತದೆ, ನಿಜ. ಆದರೆ ಕೊಲ್ಲುವುದನ್ನು ಮೆಚ್ಚುವುದು ಅನುಮೋದನೆ. ನಮ್ಮಿಂದ ಬಿಡಿಸಿಕೊಳ್ಳಲಾಗದ ಪಂಚೇಂದ್ರಿಯ ಜೀವಕ್ಕೆ ಕೊನೆಯ ಗಳಿಗೆಯ ನೋವಾದರೂ ತಗ್ಗಲಿ ಎನ್ನುವುದು ಅನುಕಂಪೆ. ಅನುಕಂಪೆ ಸಮ್ಯಕ್ತ್ವದ ಲಕ್ಷಣಗಳಲ್ಲೊಂದು.

ಹಾಗೆಂದು ಮೋಸಹೋಗಬಾರದು. ಎಚ್ಚರ ತಪ್ಪಿಸಿ ಕೊಂದರೂ ಕೊಲೆ ಕೊಲೆಯೇ. ಅದನ್ನು ‘ದಯೆಯ ಮಾಂಸ’ವೆಂದು ಹೊಗಳಿದರೆ ಅಲ್ಲಿ ಅನುಮೋದನೆ ಬಂದೇ ಬಂತು.

ಇನ್ನೊಂದು ಮಾತು. ಎಮ್ಮೆಯ ಹಾಲು ನಮ್ಮ ಯೆಣೆಗೂರಿನ ಮನೆಗಳಿಗೂ ಬರುತ್ತದೆ. ಹಾಲು ಬತ್ತಿದ ಎಮ್ಮೆ, ಅದರ ಗಂಡುಕರು ಎಲ್ಲಿಗೆ ಹೋಗುತ್ತವೆ? ಸರ್ಕಾರಕ್ಕೆ ಅರ್ಜಿ ಬರೆಯುವ ದಿನವೇ ಹಾಲಿನವನನ್ನೂ ಇದನ್ನು ಕೇಳೋಣ. ಸಾಕುವ ಖರ್ಚಿನಲ್ಲಿ ನಮ್ಮ ಪಾಲು ಕೊಡೋಣ.

ಜೈ ಜಿನೇಂದ್ರ.