ಐದು ನಿಮಿಷ ಯಾರ ಲೆಕ್ಕದಲ್ಲಿ?

ತಿಪಟೂರಿನ ಸುತ್ತಮುತ್ತ ತೆಂಗಿನ ತೋಟದ ಬೇಲಿಗಳಲ್ಲಿ ಈಗ ಲೇಔಟಿನ ಬೋರ್ಡುಗಳು ನಿಂತಿವೆ. ‘ಬಸ್ ಸ್ಟ್ಯಾಂಡಿಗೆ ಐದೇ ನಿಮಿಷ’ ಎಂದು ಬರೆದಿರುತ್ತದೆ. ಅಂಥದ್ದೊಂದರಲ್ಲಿ ನಮ್ಮ ದೊಡ್ಡಮ್ಮ ಮನೆ ಕಟ್ಟಿಸಿದ್ದಾರೆ. ಅವರು ಬಸ್ ಸ್ಟ್ಯಾಂಡಿಗೆ ನಡೆದು ಬರಲು ಮೂವತ್ತೈದು ನಿಮಿಷ ಬೇಕು. ಅದರಲ್ಲಿ ರಸ್ತೆ ದಾಟಲು ಕಾಯುವ ಹೊತ್ತೂ ಸೇರಿದೆ. ಬೋರ್ಡು ಸುಳ್ಳು ಹೇಳುತ್ತಿಲ್ಲ, ಕಾರು ಬೈಕು ಇಲ್ಲದವರನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಅಷ್ಟೆ.

ಹಾಗೆಂದು ದೊಡ್ಡಮ್ಮನ ಮನೆ ದೂರವೇನೂ ಇಲ್ಲ. ಅಲ್ಲಿ ತೋಟವಿದ್ದಾಗ ಬದುವಿನ ಮೇಲೆ ಹಾದು, ಹಳ್ಳ ದಾಟಿ ಕಾಲು ಗಂಟೆಗೆ ಪೇಟೆ ಸೇರುತ್ತಿದ್ದರು. ಯಾರದೋ ತೋಟ, ಯಾರೋ ನಡೆಯುತ್ತಿದ್ದರು, ಯಾರೂ ಕೇಳುತ್ತಿರಲಿಲ್ಲ. ತೆಂಗಿನ ಸೀಮೆಯ ನಡಿಗೆಯೆಲ್ಲ ಹೀಗೆ ಒಬ್ಬರ ತೋಟದಿಂದ ಇನ್ನೊಬ್ಬರ ತೋಟಕ್ಕೆ ಹೆಣೆದುಕೊಂಡದ್ದು. ಲೇಔಟು ಬಂದದ್ದೇ ನಾಲ್ಕೂ ಕಡೆ ಕಾಂಪೌಂಡು ಎದ್ದಿತು, ಗೇಟು ಹೆದ್ದಾರಿಯ ಕಡೆಗೆ ತೆರೆಯಿತು. ಮರ ಕಡಿದದ್ದಕ್ಕೆ ಕಣ್ಣೀರು ಹಾಕುವ ಕವಿತೆಗಳನ್ನು ನಾವು ಬೇಕಾದಷ್ಟು ಓದಿದ್ದೇವೆ. ದಾರಿ ಮುಚ್ಚಿದ್ದಕ್ಕೆ ಅತ್ತವರನ್ನು ನಾನಿನ್ನೂ ಕಂಡಿಲ್ಲ.

ಕಾಲುದಾರಿ, ಅಡ್ಡದಾರಿ, ಬಂಡಿಜಾಡು, ಓಣಿ ಎಂದು ದಾರಿಗೆ ಹತ್ತಾರು ಹೆಸರಿಟ್ಟ ಭಾಷೆ ನಮ್ಮದು. ನಡೆಯುವವನಿಗೆ ಮಾತ್ರ ಪತ್ರಿಕೆಗಳು ಉಳಿಸಿರುವುದು ಒಂದೇ ಹೆಸರು, ಪಾದಚಾರಿ. ಅದೂ ‘ವಾಹನ ಡಿಕ್ಕಿ: ಪಾದಚಾರಿ ಸಾವು’ ಎಂಬ ಸಾಲಿನಲ್ಲಿ. ನಮ್ಮೂರಲ್ಲಿ ಬದುಕಿರುವ ಯಾರನ್ನೂ ಯಾರೂ ಪಾದಚಾರಿ ಎಂದು ಕರೆದದ್ದು ನಾನು ಕೇಳಿಲ್ಲ.

ಕೆ.ಬಿ. ಕ್ರಾಸಿನಲ್ಲಿ ಅರ್ಧ ಗಂಟೆ ನಿಂತು ನೋಡಿ. ತುಮಕೂರು–ಅರಸೀಕೆರೆ ಹೆದ್ದಾರಿಗೆ ಚಿಕ್ಕನಾಯಕನಹಳ್ಳಿಯಿಂದ ತುರುವೇಕೆರೆಗೆ ಹೋಗುವ 150ಎ ಹೆದ್ದಾರಿ ಅಡ್ಡ ಬರುವ ಜಾಗ. ಬಸ್ ಬದಲಿಸುವ ಕಾಲೇಜು ಹುಡುಗಿಯರು, ಕೊಬ್ಬರಿ ಕೆಲಸಕ್ಕೆ ಹೋಗುವ ಹೆಂಗಸರು, ಎಳನೀರು ಕಟ್ಟಿದ ಹಳೇ ಸೈಕಲ್ಲಿನ ಮುದುಕರು, ಎಲ್ಲರೂ ಲಾರಿಗಳ ನಡುವೆ ಓಡಿ ದಾಟುವವರೇ. ಹೆದ್ದಾರಿ ಅಗಲವಾದಷ್ಟೂ ಓಡಬೇಕಾದ ದೂರ ಹೆಚ್ಚುತ್ತದೆ. ಇದಕ್ಕೆ ಅಭಿವೃದ್ಧಿ ಎಂದು ಹೆಸರು.

ಸೈಕಲ್ಲಿನ ಕತೆ ಇದಕ್ಕಿಂತ ಕೆಟ್ಟದ್ದು. ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾಯಿತು. ನನಗೂ ಒಂದು ಸಿಕ್ಕಿತ್ತು. ಬೆಲ್ಲು ಎರಡು ತಿಂಗಳಿಗೇ ಉದುರಿತು, ಸೈಕಲ್ಲು ಪಿಯುಸಿವರೆಗೂ ಬಂತು. ಕೋವಿಡ್ ಕಾಲದಲ್ಲಿ ಯೋಜನೆ ನಿಂತಿತು. ಈಗ ಅದೇ ವಯಸ್ಸಿನ ಹುಡುಗರು ಅಪ್ಪನ ಬೈಕಿನಲ್ಲಿ ಶಾಲೆಗೆ ಬರುತ್ತಾರೆ. ಸಿಕ್ಕಿಬಿದ್ದರೆ, 2019ರ ತಿದ್ದುಪಡಿಯ ಪ್ರಕಾರ ಅಪ್ಪನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಹುಡುಗಿಯರಿಗೆ ಆ ಬೈಕೂ ಇಲ್ಲ. ಬಸ್ ತಪ್ಪಿದ ದಿನ ಅವರಿಗೆ ಶಾಲೆಯೂ ತಪ್ಪುತ್ತದೆ.

ಬೆಂಗಳೂರಿನ ಗೆಳೆಯರ ಹತ್ತಿರ ಇದನ್ನು ಹೇಳಿದರೆ ನಗುತ್ತಾರೆ. ಫುಟ್‌ಪಾತು, ಸೈಕಲ್ ಪಥವೆಲ್ಲ ಚರ್ಚ್ ಸ್ಟ್ರೀಟಿನ ಮಾತು, ಹೆಚ್ಚೆಂದರೆ ಮೈಸೂರಿನ ಟ್ರಿಣ್ ಟ್ರಿಣ್‌ನ ಮಾತು ಎಂಬುದು ಅವರ ಎಣಿಕೆ. ಊರಿನವರದು ಇನ್ನೊಂದು ವಾದ: ‘ಈ ಬಿಸಿಲಲ್ಲಿ ಯಾವನು ನಡೀತಾನೆ?’ ನೆರಳಿದ್ದ ದಾರಿ ಮುಚ್ಚಿ ಬಿಸಿಲಿನ ದಾರಿ ತೋರಿಸಿದವರೇ ಹೀಗೆ ಕೇಳುವುದು ಸೋಜಿಗ. ಅಲ್ಲದೆ, ನಡೆಯುವವರು ಇದ್ದೇ ಇದ್ದಾರೆ. ಅವರು ಕಾರಿನ ಗಾಜಿನಿಂದ ಕಾಣುವುದಿಲ್ಲ, ಅಷ್ಟೆ. ಮುರಿದ ಕಾಲು, ವಯಸ್ಸಾದ ಮಂಡಿ ಇರುವವರಿಗೆ ಕಾರು ಬೇಕು, ಕಾಯಿ ಸಾಗಿಸಲು ಟೆಂಪೋ ಬೇಕು, ಅದರಲ್ಲಿ ನನ್ನ ತಕರಾರಿಲ್ಲ. ಅರ್ಧ ಲೀಟರ್ ಹಾಲಿಗೂ ಬೈಕು ಹತ್ತಿಸುವ ಊರನ್ನು ಹೊಸದಾಗಿ ಕಟ್ಟುತ್ತಿರುವುದರಲ್ಲಿ ನನ್ನ ತಕರಾರು.

ನಿಯಮಗಳಿಗೇನೂ ಬರವಿಲ್ಲ. ಫುಟ್‌ಪಾತು ಕನಿಷ್ಠ 1.8 ಮೀಟರ್ ಇರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳಿದೆ. ಅಡೆತಡೆಯಿಲ್ಲದ ಫುಟ್‌ಪಾತು ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಹೇಳಿತು. ಆದರೆ ನಮ್ಮ ಸೀಮೆಗೆ ಕೋರ್ಟಿಗಿಂತ ಹತ್ತಿರದ ಸಾಕ್ಷಿ ಗ್ರಾಮ ನಕಾಶೆ. ಕಾಲುದಾರಿಗಳು ಅದರಲ್ಲಿ ಚುಕ್ಕೆಗೆರೆಯಾಗಿ ಈಗಲೂ ಇವೆ. ಒತ್ತುವರಿಯಾಗಿದ್ದರೆ ತೆರವು ಮಾಡಿಸುವ ಅಧಿಕಾರ ತಹಶೀಲ್ದಾರರಿಗಿದೆ. ಲೇಔಟಿಗೆ ಒಪ್ಪಿಗೆ ಕೊಡುವ ಮುಂಚೆ ಆ ಗೆರೆಗಳನ್ನು ನೋಡಿ, ಅವು ತೆರೆದೇ ಇರಬೇಕೆಂದು ಷರತ್ತು ಹಾಕಲು ಖರ್ಚೇನು? ಹೇಮಾವತಿ ನಾಲೆಯ ಏರಿಯನ್ನು, ನೀರಿನ ಕಡೆ ತಡೆಬೇಲಿ ಹಾಕಿ, ಶಾಲೆಗೆ ಹೋಗುವ ಸೈಕಲ್ಲುಗಳಿಗೆ ಬಿಡಲು ಏನಡ್ಡಿ?

ದೊಡ್ಡಮ್ಮನ ಮನೆಯ ಹಿಂದಿನ ಕಾಂಪೌಂಡಿನಲ್ಲಿ ನಾಲ್ಕಡಿಯ ಗೇಟು ಇಟ್ಟರೆ ಹಳೇ ದಾರಿ ಸಿಗುತ್ತದೆ. ಕೇಳಿದ್ದಕ್ಕೆ ಲೇಔಟಿನವರು ‘ಸೆಕ್ಯುರಿಟಿ ಪ್ರಾಬ್ಲಂ ಆಗುತ್ತೆ’ ಎಂದರು. ‘ನಾನೇ ಕಳ್ಳಿ ಅನ್ನು ಹಂಗಾರೆ’ ಎಂದರು ದೊಡ್ಡಮ್ಮ. ನಕಾಶೆಯ ನಕಲು ತೆಗೆಸಿದ್ದೇನೆ. ಗೋಡೆ ನಿಂತಿರುವುದು ಚುಕ್ಕೆಗೆರೆಯ ಮೇಲೆಯೇ. ಸೋಮವಾರ ಅರ್ಜಿ ಕೊಡಲು ತಾಲ್ಲೂಕು ಕಚೇರಿಗೆ ಇಬ್ಬರೂ ಹೋಗುತ್ತೇವೆ, ನಡೆದುಕೊಂಡೇ.