ಪರದೆಗೊಂದು ಕಾರ್ಡು, ಕಾರ್ಡಿಗೊಂದು ಕಣಿವೆ

ಮಳೆಗಾಲದಲ್ಲಿ ಕರೆಂಟು ಇರುವುದಕ್ಕಿಂತ ಹೋಗುವುದೇ ಹೆಚ್ಚೆನಿಸುವ ಸಾಗರ, ಹೊಸನಗರ ಸೀಮೆಯ ಮನೆಗಳಿಗೂ ಗೇಮಿಂಗ್ ಕಂಪ್ಯೂಟರು ಬಂದಿದೆ. ಅಡಿಕೆಗೆ ಧಾರಣೆ ಬಂದ ವರ್ಷ, ಮಗನ ಇಂಜಿನಿಯರಿಂಗ್ ಓದಿನ ಹೆಸರಿನಲ್ಲಿ ಕೊಂಡದ್ದು. ಅದರಲ್ಲಿ ತಪ್ಪಿಲ್ಲ. ರಾತ್ರಿಯಿಡೀ ಯಕ್ಷಗಾನ ನೋಡಿದ ಅಜ್ಜನ ಮೊಮ್ಮಗ ಮೂರು ತಾಸು ಆಟವಾಡಿದರೆ ಊರು ಹಾಳಾಗುವುದಿಲ್ಲ. ಆಕ್ಷೇಪವಿರುವುದು ಆಟದ ಬಗ್ಗೆ ಅಲ್ಲ, ಹೊಸ ಪರದೆಯೊಂದರ ಹಿಂದೆ ಸಾಲುಗಟ್ಟಿ ಬರುವ ಖರೀದಿಗಳ ಬಗ್ಗೆ.

ಹಳೆಯ ಪರದೆಯಲ್ಲಿರುವುದು 1920 × 1080, ಅಂದರೆ ಸುಮಾರು 20.7 ಲಕ್ಷ ಚುಕ್ಕಿಗಳು. 4ಕೆ ಪರದೆಯಲ್ಲಿ 3840 × 2160, ಸುಮಾರು 83 ಲಕ್ಷ. ಸರಿಯಾಗಿ ನಾಲ್ಕು ಪಟ್ಟು. ಸೆಕೆಂಡಿಗೆ 60 ಬಾರಿ ಇಷ್ಟೂ ಚುಕ್ಕಿಗಳಿಗೆ ಬಣ್ಣದ ಲೆಕ್ಕ ಹಾಕಬೇಕಾದದ್ದು ಗ್ರಾಫಿಕ್ಸ್ ಕಾರ್ಡು. 2021ರಲ್ಲಿ ಬಂದ, 170 ವಾಟ್ ಬಳಸುವ ಆರ್‌ಟಿಎಕ್ಸ್ 3060 ಇಲ್ಲಿ ಏದುಸಿರು ಬಿಡುತ್ತದೆ. ಆಗ ಅಂಗಡಿಯಾತ ‘ಬಾಟಲ್‌ನೆಕ್’ ಎಂಬ ಮಂತ್ರವನ್ನು ಉಚ್ಚರಿಸಿ 2025ರ ಆರ್‌ಟಿಎಕ್ಸ್ 5070 ಟಿಐ ತೋರಿಸುತ್ತಾನೆ. ಅದಕ್ಕೆ 300 ವಾಟ್ ಬೇಕು. ಆದ್ದರಿಂದ 550 ವಾಟಿನ ಪವರ್ ಸಪ್ಲೈ ಹೋಗಿ 750 ವಾಟಿನದು ಬರಬೇಕು. ಪೇಟೆಯವರಿಗೆ ಲೆಕ್ಕ ಇಲ್ಲಿಗೆ ಮುಗಿಯಿತು. ಮಲೆನಾಡಿನವರಿಗೆ ಯುಪಿಎಸ್ ಬಾಕಿಯಿದೆ. ಮನೆಯಲ್ಲಿರುವ 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವಾಟ್; ಹೊಸ ಕಾರ್ಡೊಂದೇ 300 ನುಂಗಿದರೆ ಉಳಿದ ಯಂತ್ರಕ್ಕೇನು ಗತಿ? ಕೊಳ್ಳಲು ಹೊರಟದ್ದು ಮಾನಿಟರು. ಅದಕ್ಕಿಂತ ಅದರ ಬಾಲವೇ ದುಬಾರಿ.

ಇಷ್ಟೆಲ್ಲ ಮಾಡಿ ಕಣ್ಣಿಗೆ ದಕ್ಕುವುದೇನು? ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗವನ್ನು ಬೇರ್ಪಡಿಸಿ ನೋಡಬಲ್ಲದು. 60 ಸೆಂಟಿಮೀಟರ್ ದೂರದಲ್ಲಿ ಅದು ಸುಮಾರು 0.17 ಮಿಲಿಮೀಟರ್. 27 ಇಂಚಿನ 4ಕೆ ಪರದೆಯ ಒಂದು ಚುಕ್ಕಿ 0.16 ಮಿಲಿಮೀಟರ್. ಅಂದರೆ ಕಣ್ಣಿನ ಮಿತಿಯನ್ನೂ ದಾಟಿದ ನಯಕ್ಕೆ ಹಣ ತೆರಲಾಗುತ್ತಿದೆ. ಅದೂ ಕ್ಷಣಕ್ಷಣವೂ ಓಡುತ್ತಿರುವ ದೃಶ್ಯದಲ್ಲಿ. ನಿಂತ ಅಕ್ಷರಗಳ ಮಾತು ಬೇರೆ. 24 ಇಂಚಿನ ಹಳೆಯ ಪರದೆಯಲ್ಲಿ ಚುಕ್ಕಿ 0.28 ಮಿಲಿಮೀಟರ್ ಇದ್ದು, ಕನ್ನಡದ ಒತ್ತಕ್ಷರಗಳು ಕಲಸಿಹೋಗುತ್ತವೆ. ದಿನವಿಡೀ ಓದಿ ಬರೆಯುವ ವಿದ್ಯಾರ್ಥಿಗೆ ಒಳ್ಳೆಯ ಪರದೆ ಸೋಗಲ್ಲ. ಕೊಳ್ಳಲಿ. ಆದರೆ ಅಕ್ಷರ ತೋರಿಸಲು 300 ವಾಟಿನ ಕಾರ್ಡು ಬೇಕಿಲ್ಲ.

ಆಟಕ್ಕೂ ಬೇಕಿಲ್ಲವೆಂಬುದನ್ನು ಅಂಗಡಿಯಾತ ಹೇಳುವುದಿಲ್ಲ. 3060 ಕಾರ್ಡಿನಲ್ಲಿಯೇ ಡಿಎಲ್‌ಎಸ್‌ಎಸ್ ಇದೆ. ಅದರ ‘ಪರ್ಫಾರ್ಮೆನ್ಸ್’ ಆಯ್ಕೆಯಲ್ಲಿ ಕಾರ್ಡು 1080 ಸಾಲುಗಳಲ್ಲಿ ಚಿತ್ರ ಬರೆದು, 4ಕೆ ಅಳತೆಗೆ ಹಿಗ್ಗಿಸುತ್ತದೆ. ಇಲ್ಲವೇ 2560 × 1440 ಪರದೆಯನ್ನೇ ಕೊಂಡರೆ ಹೊರೆ ನಾಲ್ಕು ಪಟ್ಟಲ್ಲ, ಶೇ. 78ರಷ್ಟು ಮಾತ್ರ ಹೆಚ್ಚು. ನೆರಳು, ಪ್ರತಿಬಿಂಬಗಳ ಮಟ್ಟವನ್ನು ಒಂದು ಮೆಟ್ಟಿಲು ಇಳಿಸಿದರೆ ಅದನ್ನು ಹಳೆಯ ಕಾರ್ಡೇ ಬಹುತೇಕ ಹೊರುತ್ತದೆ.

ಹೆಚ್ಚುವರಿ 130 ವಾಟ್ ಎಂದರೆ ದಿನಕ್ಕೆ ಮೂರು ತಾಸಿನಂತೆ ತಿಂಗಳಿಗೆ ಹನ್ನೆರಡು ಯೂನಿಟ್ಟೂ ಆಗುವುದಿಲ್ಲ. ಇಷ್ಟಕ್ಕೆ ಇಷ್ಟು ಗದ್ದಲವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಬೆಂಗಳೂರಿನ ಮಾಲುಗಳ ದೀಪವನ್ನು ಬಿಟ್ಟು ಹಳ್ಳಿಯ ಹುಡುಗನ ಕಾರ್ಡನ್ನು ಬೈಯುವುದು ಹೇಡಿತನ. ಆದರೆ ಆಟ ನಡೆಯುವುದು ಯಾವ ಹೊತ್ತಿನಲ್ಲಿ? ಸಂಜೆ ಏಳರಿಂದ ಹತ್ತರವರೆಗೆ. ಇದೇ ಹೊತ್ತಿನ ಬೇಡಿಕೆಯನ್ನು ಮುಂದಿಟ್ಟುಕೊಂಡೇ ಶರಾವತಿ ಕಣಿವೆಗೆ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ತರಹೊರಟದ್ದು. ಕೆಳಗಿನ ಗೇರುಸೊಪ್ಪೆಯ ನೀರನ್ನು ಮೇಲಿನ ತಲಕಳಲೆಗೆ ಎತ್ತಿ, ಸಂಜೆಗೆ ಕೆಳಗಿಳಿಸುವ ವ್ಯವಸ್ಥೆ ಅದು. ಎತ್ತಲು ತಗಲುವ ವಿದ್ಯುತ್ತು ಇಳಿಸಿದಾಗ ಸಿಗುವುದಕ್ಕಿಂತ ಹೆಚ್ಚು. ಅಗೆಯುವುದು ಸಿಂಗಳೀಕಗಳ ಅಭಯಾರಣ್ಯದಲ್ಲಿ. 1964ರಲ್ಲಿ ಲಿಂಗನಮಕ್ಕಿಗಾಗಿ ಮನೆ ಗದ್ದೆ ಬಿಟ್ಟವರ ಮಕ್ಕಳು ಹಕ್ಕುಪತ್ರಕ್ಕಾಗಿ ಅಲೆದದ್ದು ಈ ಸೀಮೆಗೆ ಹೊಸ ಸುದ್ದಿಯಲ್ಲ. ಅಧಿಕಾರಿಗಳು ತೋರಿಸುವ ಬೇಡಿಕೆಯ ರೇಖೆಯಲ್ಲಿ ಮಾಲಿನ ದೀಪದ ಜೊತೆಗೆ, ಕಣ್ಣಿಗೆ ಕಾಣದ ಆ ಚುಕ್ಕಿಗಳೂ ಸೇರಿರುತ್ತವೆ.

ಕಳಚಿಟ್ಟ ಕಾರ್ಡು ಎಲ್ಲಿಗೆ ಹೋಗುತ್ತದೆ? 2022ರಲ್ಲಿ ಜಗತ್ತು ಎಸೆದ ಇಲೆಕ್ಟ್ರಾನಿಕ್ ಕಸ 6.2 ಕೋಟಿ ಟನ್. ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದಕ್ಕೆ ದಾಖಲೆಯಿರುವುದು ಶೇ. 22.3ಕ್ಕೆ ಮಾತ್ರ. ಗುಜರಿಯವನ ತಕ್ಕಡಿಗೆ ಹಾಕುವ ಬದಲು ಪಕ್ಕದ ಮನೆಯ ಹುಡುಗಿಯ ಕಂಪ್ಯೂಟರಿಗೆ ಕೊಟ್ಟರೆ ಅದು ಇನ್ನೂ ಹಲವು ವರ್ಷ ದುಡಿಯುತ್ತದೆ.

ಹಬ್ಬದ ರಿಯಾಯಿತಿಯ ಗಡುವಿಗೆ ಹೆದರುವ ಮುನ್ನ ಒಂದು ಕೆಲಸ ಮಾಡಬಹುದು. 4ಕೆ ಪರದೆಯಿರುವ ಗೆಳೆಯನ ಮನೆಗೆ ತನ್ನ ಹಳೆಯ ಕಂಪ್ಯೂಟರನ್ನು ಒಯ್ದು ಜೋಡಿಸಲಿ. ನಿತ್ಯ ಆಡುವ ಆಟವನ್ನೇ ಹಾಕಿ, ಡಿಎಲ್‌ಎಸ್‌ಎಸ್ ಯಾವಾಗ ಹಚ್ಚಿದೆ, ಯಾವಾಗ ಆರಿಸಿದೆ ಎಂದು ಹೇಳದೆ ಗೆಳೆಯನೇ ಬದಲಿಸುತ್ತಿರಲಿ. ಹತ್ತು ಬಾರಿಯಲ್ಲಿ ಚಿತ್ರದ ನಯ ನೋಡಿಯೇ ಎಷ್ಟು ಬಾರಿ ಸರಿಯಾಗಿ ಗುರುತಿಸಿದ ಎಂಬುದನ್ನು ಬರೆದುಕೊಂಡು, ಆ ಚೀಟಿಯೊಂದಿಗೆ ಅಂಗಡಿಗೆ ಹೋಗಲಿ.